ಒಬ್ಬ ಹತ್ತಿ ಕೂತ್ರೆ ಸ್ಟ್ಯಾಂಡ್ ಗಟ್ಟಿ ಅಂತ ಲೆಕ್ಕವಾ?

ಮೀನಿನ ತೊಟ್ಟಿ ಇಡೋಕೆ ಅಂತ ನಾನು ಮಾಡಿಸಿದ ಸ್ಟ್ಯಾಂಡ್ ಮೇಲೆ ಆ ವೆಲ್ಡಿಂಗ್ ಅಂಗಡಿಯವನು ಹತ್ತಿ ಕೂತ. ಕೂತು ಕಾಲು ಆಡಿಸಿದ. ನಮ್ಮ ಹಾಲಲ್ಲಿ, ನಮ್ಮತ್ತೆ ಮುಂದೆ, ಎದುರುಮನೆ ಆಂಟಿ ಬಾಗಿಲಲ್ಲಿ ನಿಂತು ನೋಡ್ತಿರುವಾಗ. "ನೋಡಿ ಅಕ್ಕ, 70 ಕೆಜಿ ಇದೀನಿ ನಾನು. ಏನಾದ್ರೂ ಆಯ್ತಾ? ನಿಮ್ ಮೀನು ನನಗಿಂತ ತೂಕನಾ?" ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕರು. ಸಂಜೆ ಐದೂವರೆಗೆ ಆದದ್ದು, ಈಗ ರಾತ್ರಿ ಹನ್ನೊಂದು ದಾಟಿದೆ, ಊಟ ಗಂಟಲಲ್ಲಿ ಇಳಿದಿಲ್ಲ.

ಮೀನಿನ ತೂಕ ಯಾರ್ರೀ ಕೇಳಿದ್ರು? ನೀರಿನ ತೂಕ! ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಹನ್ನೆರಡು ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದ್ರೆ ಸುಮಾರು 340 ಲೀಟರ್. ಒಂದು ಲೀಟರ್ ನೀರಿಗೆ ಒಂದು ಕೆಜಿ ಅಂತ ಸ್ಕೂಲ್ ಮಕ್ಕಳಿಗೂ ಗೊತ್ತು. 12 ಎಂಎಂ ಗಾಜಿಗೆ ಇನ್ನೊಂದು 75-80 ಕೆಜಿ. ಕಲ್ಲು, ಮರಳಿಗೆ 30-40. ಅಂಚಿನ ತನಕ ತುಂಬಿಸದೆ ಮೇಲೆ ಸ್ವಲ್ಪ ಬಿಟ್ಟರೂ ನಾಲ್ಕು ಕ್ವಿಂಟಲ್ ದಾಟುತ್ತೆ. ಅವನಂಥ ಆರು ಜನ ಒಟ್ಟಿಗೆ ಹತ್ತಿ ಕೂತ ಹಾಗೆ. ಅವರು ಎರಡು ನಿಮಿಷ ಕೂತು ಎದ್ದು ಹೋಗೋರಲ್ಲ. ಹಗಲು ರಾತ್ರಿ, ವರ್ಷಗಟ್ಟಲೆ ಅಲ್ಲೇ ಇರೋರು.

ಇದನ್ನ ಅಲ್ಲೇ, ಅವನ ಮುಖಕ್ಕೇ ಹೇಳಬೇಕಿತ್ತು. ಬಾಯಿ ಕಟ್ಟಿಹೋಯ್ತು.

ಆರ್ಡರ್ ಕೊಡೋಕೆ ಹೋದ ದಿನವೂ ಹೀಗೇ. ಒಂದೂವರೆ ಇಂಚಿನ ಚೌಕ ಪೈಪು, 2 ಎಂಎಂ ದಪ್ಪ, ಆರು ಕಾಲು, ಹಿಂದೆ ಓರೆಯಾಗಿ ಒಂದು ಪಟ್ಟಿ. ಎಲ್ಲಾ ಅಳತೆ ಹಾಕಿ ಚಿತ್ರ ಬರೆದುಕೊಂಡು ಹೋಗಿದ್ದೆ. ಹಾಳೇನ ಕೈಲಿ ಹಿಡಿದು, ಅಂಗಡಿ ಹುಡುಗರಿಗೆಲ್ಲ ಕೇಳೋ ಹಾಗೆ, "ಏನಕ್ಕಾ, ಇದರ ಮೇಲೆ ಅಂಬಾರಿ ಇಡ್ತೀರಾ?" ಅಂದ. ಅಂಬಾರಿ 750 ಕೆಜಿ ಅಂತ ಪ್ರತಿ ದಸರಾಕ್ಕೂ ಪೇಪರಲ್ಲಿ ಬರುತ್ತೆ. ನನ್ನ ತೊಟ್ಟಿ ಅದರ ಅರ್ಧಕ್ಕಿಂತ ಜಾಸ್ತಿ. ಅದನ್ನ ಹೊರೋದು ಆನೆ, ಅಂಥ ಆನೆಗೇ ವಾರಗಟ್ಟಲೆ ಮರಳು ಮೂಟೆ ಹೊರಿಸಿ, ತೂಕ ಏರಿಸ್ತಾ ಹೋಗಿ, ಆಮೇಲೆ ಮರದ ಅಂಬಾರಿ ಕಟ್ಟಿ ತಾಲೀಮು ಕೊಡ್ತಾರೆ ನಮ್ಮೂರಲ್ಲಿ. ಇಷ್ಟೆಲ್ಲ ಆದಮೇಲೆ ಅದು ಹೊತ್ತು ನಡೆಯೋದು ಅರಮನೆಯಿಂದ ಬನ್ನಿಮಂಟಪಕ್ಕೆ, ಐದು ಕಿಲೋಮೀಟರು. ಮೈಸೂರಲ್ಲೇ ಹುಟ್ಟಿ ಬೆಳೆದವನಿಗೆ ಭಾರ ಅಂದ್ರೆ ಏನು ಅಂತ ನಾನು ಹೇಳಿಕೊಡಬೇಕಾ?

ಇವತ್ತು ಸ್ಟ್ಯಾಂಡ್ ಬಂದಾಗಲೇ ನನಗೆ ಅನುಮಾನ. ಆಟೋದಿಂದ ಒಬ್ಬನೇ ಹುಡುಗ ಒಂದೇ ಹೆಗಲ ಮೇಲೆ ಹೊತ್ಕೊಂಡು ಬಂದ. ನಾನು ಬರೆದುಕೊಟ್ಟ ಪೈಪಲ್ಲಿ ಮಾಡಿದ್ರೆ ಇಪ್ಪತ್ತೈದು ಕೆಜಿಗಿಂತ ಜಾಸ್ತಿ ಬರಬೇಕು, ಅಷ್ಟು ಸಲೀಸಾಗಿ ಬರಲ್ಲ. ಕಾಲಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ನೋಡಿದೆ. ಪೈಪಿನ ಅಂಚು ಒಂದು ರೂಪಾಯಿ ನಾಣ್ಯದ ಅಂಚಿಗಿಂತ ತೆಳ್ಳಗಿದೆ. ಆರು ಕಾಲಿನ ಬದಲು ನಾಲ್ಕು. "ನಡುವೆ ಕಾಲು ಬಂದ್ರೆ ಕಸ ಗುಡಿಸೋಕೆ ನಿಮಗೇ ಕಷ್ಟ ಅಕ್ಕ." ಅದನ್ನ ತೀರ್ಮಾನ ಮಾಡೋಕೆ ಇವನ್ಯಾರು? ಮೇಲಿನ ಚೌಕಟ್ಟು ಕಾಲಿನ ತಲೆ ಮೇಲೆ ಕೂರಬೇಕು, ಆಗ ಭಾರ ನೇರ ಕಾಲಿಗೆ, ಕಾಲಿಂದ ನೆಲಕ್ಕೆ ಇಳಿಯುತ್ತೆ. ಇವನು ಕಾಲುಗಳ ಪಕ್ಕಕ್ಕೆ ತಂದು ಅಂಟಿಸಿದ್ದಾನೆ. ಅಂದ್ರೆ ನಾಲ್ಕು ಕ್ವಿಂಟಲ್ ನಿಂತಿರೋದು ಬರೀ ವೆಲ್ಡಿಂಗ್ ಮೇಲೆ. ಆ ವೆಲ್ಡಿಂಗೋ, ಕಾಗೆ ಹಿಕ್ಕೆ ಹಾಕಿದ ಹಾಗೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಹಿಂದಿನ ಎಡ ಮೂಲೇಲಿ ಫೋನ್ ಟಾರ್ಚ್ ಹಿಡಿದ್ರೆ ಸಂದಿಯಲ್ಲಿ ಬೆಳಕು ಈಚೆಗೆ ಬರುತ್ತೆ. ಮೇಲೆ ಕರೀ ಪೇಂಟ್ ಬಳಿದು ಮುಚ್ಚಿದ್ದಾನೆ.

ಓರೆ ಪಟ್ಟಿ ಇಲ್ಲವೇ ಇಲ್ಲ. ಒಂದು ಬೆರಳಲ್ಲಿ ಪಕ್ಕಕ್ಕೆ ತಳ್ಳಿದ್ರೆ ಸ್ಟ್ಯಾಂಡ್ ಪೂರ್ತಿ ವಾಲುತ್ತೆ. ಕೆಳಕ್ಕೆ ಕುಸಿಯೋದು ಅಪರೂಪ, ಸ್ಟ್ಯಾಂಡುಗಳು ಬೀಳೋದೇ ಪಕ್ಕಕ್ಕೆ ವಾಲಿ. ಅವನು ಮೇಲೆ ಕೂತು ತೋರಿಸಿದ್ದು ಯಾವುದರ ಪರೀಕ್ಷೆ ಹಾಗಾದ್ರೆ?

ಇನ್ನು ಆ ರಟ್ಟಿನ ವಿಷಯ. ಇದನ್ನ ಹೇಳಲೇಬೇಕು. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ, ತೊಳೆದ ನೀರು ಹರಿದು ಹೋಗಲಿ ಅಂತ ಹಾಲಿನಿಂದ ಬಾಗಿಲ ಕಡೆಗೆ ವಾಟ ಕೊಟ್ಟಿದ್ದಾರೆ. ಅದಕ್ಕೇ ಪ್ರತಿ ಕಾಲಿಗೂ ತಿರುಗಿಸಿ ಎತ್ತರ ಸರಿ ಮಾಡೋ ಬೋಲ್ಟ್ ಹಾಕಿ ಅಂದಿದ್ದೆ. ಹಾಕಿಲ್ಲ. ಒಂದು ಕಾಲು ನೆಲಾನೇ ಮುಟ್ಟಲಿಲ್ಲ. ನಾನು ರಸಮಟ್ಟ ತಂದು ಮೇಲೆ ಇಟ್ಟು ತೋರಿಸಿದೆ, ಗುಳ್ಳೆ ಒಂದು ಮೂಲೆಗೇ ಓಡಿ ನಿಂತಿತ್ತು. ಅವನು ರಸಮಟ್ಟದ ಕಡೆ ನೋಡಲೂ ಇಲ್ಲ. ಸುತ್ತ ಕಣ್ಣಾಡಿಸಿದ. ದೇವರ ಗೂಡಿನ ಕೆಳಗೆ ಖಾಲಿ ಊದುಬತ್ತಿ ಪೊಟ್ಟಣ ಬಿದ್ದಿತ್ತು. ಎತ್ತಿಕೊಂಡ. ನಾಲ್ಕು ಮಡಿಕೆ ಮಡಚಿದ. ಕಾಲಿನ ಕೆಳಗೆ ಹಾಕಿ ಹೆಬ್ಬೆರಳಲ್ಲಿ, ಕಾಲಿನ ಹೆಬ್ಬೆರಳಲ್ಲಿ, ಒಳಕ್ಕೆ ತಳ್ಳಿದ. "ಆಯ್ತು ನೋಡಿ." ಆಮೇಲೆ ನನ್ನ ಕಡೆ ಬೆನ್ನು ತಿರುಗಿಸಿ, "ಸಾರ್, ನೀವು ಹೇಳಿ ಸಾರ್, ಓಕೆ ತಾನೇ?"

ನಮ್ಮನೆಯವರು ಒಂದು ದಿನ ಆ ತೊಟ್ಟಿಯ ನೀರು ಬದಲಾಯಿಸಿದವರಲ್ಲ. ಅವರು "ನಿಂತಿದೆಯಲ್ಲ, ಬಿಡು" ಅಂದ್ರು. ಬಾಕಿ ದುಡ್ಡು ನನ್ನ ಫೋನಿಂದ ಹೋಯ್ತು. ನಾನೇ ಕಳಿಸಿದೆ. ಯಾಕೆ ಕಳಿಸಿದೆ ಅಂತ ಈಗಲೂ ಅರ್ಥ ಆಗ್ತಿಲ್ಲ. ಎಲ್ಲರೂ ನನ್ನನ್ನೇ ನೋಡ್ತಿದ್ರು, ಅದು ಮುಗಿದುಹೋದ್ರೆ ಸಾಕು ಅನ್ನಿಸಿಬಿಟ್ಟಿತ್ತು.

ಹೋಗಲಿ ಬಿಡಿ. ದುಡ್ಡು ಹೋಯ್ತು, ಇನ್ನು ಜಗಳ ಆಡಿ ಏನು ಬರುತ್ತೆ. ನಾನು ಇನ್ನು ಈ ಸುದ್ದಿ ಎತ್ತಲ್ಲ.

ಇಲ್ಲ, ಹೇಗೆ ಬಿಡಲಿ? ಹೋದ ಸಲ ರಾತ್ರಿ ಎರಡು ಗಂಟೆಗೆ ಹಳೇ ಸ್ಟ್ಯಾಂಡ್ ಕೈಕೊಟ್ಟು ತೊಟ್ಟಿ ಒಡೆದದ್ದು ಗೊತ್ತಿರೋರಿಗೆ ಗೊತ್ತು. ಆ ಸ್ಟ್ಯಾಂಡ್ ಪಾರ್ಟಿಕಲ್ ಬೋರ್ಡಿಂದು, ನೀರು ಕುಡಿದು ಕಾಫಿಗೆ ಅದ್ದಿದ ರಸ್ಕಿನ ಹಾಗೆ ಊದಿಕೊಂಡಿತ್ತು. ಅವತ್ತು ಬರಿಗಾಲಲ್ಲಿ ಗಾಜಿನ ಚೂರಿನ ಮಧ್ಯೆ ಓಡಾಡಿ ಮೀನು ಆರಿಸಿದವಳು ನಾನು. ಐದರಲ್ಲಿ ಉಳಿದದ್ದು ಮೂರು. ಅದಕ್ಕೇ ಈ ಸಲ ಓದಿ, ಕೇಳಿ, ಲೆಕ್ಕ ಹಾಕಿ, ಚೌಕಟ್ಟಿನ ಮೇಲೆ ಹಾಸೋಕೆ 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ಡು, ಅದರ ಮೇಲೆ ಥರ್ಮಾಕೋಲ್ ಹಾಳೆ, ಎಲ್ಲಾ ಮೊದಲೇ ತಂದಿಟ್ಟಿದ್ದೆ. ಥರ್ಮಾಕೋಲ್ ಸಣ್ಣ ಉಬ್ಬುತಗ್ಗು ನುಂಗುತ್ತೆ, ಅಷ್ಟೇ. ಚೌಕಟ್ಟೇ ತಿರುಚಿಕೊಂಡಿದ್ರೆ ಭಾರ ಒಂದು ಮೂಲೆಗೆ ಬಿದ್ದು ಗಾಜು ಸೀಳುತ್ತೆ, ಇಲ್ಲಾ ಗಾಜು ಅಂಟಿಸಿರೋ ಸಿಲಿಕೋನ್ ಬಿಡುತ್ತೆ. ಇವತ್ತೇ ಅಲ್ಲ, ನಾಳೆಯೂ ಅಲ್ಲ. ಆರು ತಿಂಗಳಿಗೋ ವರ್ಷಕ್ಕೋ, ಎಲ್ಲರೂ ಮಲಗಿದ್ದಾಗ. ಅತ್ತೆ ದಿನಾ ಮಧ್ಯಾಹ್ನ ಅದರ ಪಕ್ಕದ ದಿವಾನದ ಮೇಲೇ ಮಲಗೋದು. ಅವರೂ ನಕ್ಕರು ಇವತ್ತು.

ಯಾರಾದ್ರೂ ಉತ್ತರ ಕೊಡಿ. ದುಡ್ಡು ಕೊಟ್ಟು, ಅಳತೆ ಬರೆದುಕೊಟ್ಟು ಕೇಳಿದ್ದನ್ನ ಮಾಡಿಕೊಡೋಕೆ ಏನು ಕಷ್ಟ? 2 ಎಂಎಂ ಅಂದ್ರೆ 2 ಎಂಎಂ. ಕೇಳಿದವಳು ಹೆಂಗಸು ಅಂತ ಪೈಪು ತೆಳ್ಳಗಾಗುತ್ತಾ?

ಆ ಊದುಬತ್ತಿ ಪೊಟ್ಟಣ ಈಗಷ್ಟೇ ಕಿತ್ತು ಬಿಸಾಕಿದೆ. ಸ್ಟ್ಯಾಂಡ್ ಹಾಲಲ್ಲಿ ಮೂರು ಕಾಲಲ್ಲಿ ನಿಂತಿದೆ, ಫ್ಯಾನ್ ಗಾಳಿಗೇ ಟಕ್ ಟಕ್ ಅಂತಿದೆ. ಉಳಿದ ಮೂರು ಆಸ್ಕರ್ ಮೀನುಗಳು ಬಚ್ಚಲುಮನೇಲಿ ನೀಲಿ ಡ್ರಮ್ಮಿನಲ್ಲಿವೆ, ದೊಡ್ಡದು ಆಗಲೇ ಗೇಣುದ್ದ ಮೀರಿದೆ, ಅದಕ್ಕೆ ತಿರುಗೋಕೆ ಜಾಗ ಸಾಲ್ತಿಲ್ಲ. ಹೆಬ್ಬಾಳು, ಮೇಟಗಳ್ಳಿ ಕಡೆ, ಬೇಕಾದ್ರೆ ಮಂಡ್ಯದಲ್ಲಾದ್ರೂ ಸರಿ, ಪೇಂಟ್ ಹೊಡೆಯೋ ಮುಂಚೆ ವೆಲ್ಡಿಂಗ್ ನೋಡೋಕೆ ಬಿಡೋ ಒಬ್ಬ ಫ್ಯಾಬ್ರಿಕೇಶನ್‌ನವರು ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಈ ಸಲ ಮಾತಾಡೋಕೆ ನಾನೊಬ್ಬಳೇ ಹೋಗ್ತೀನಿ.