ಸತ್ಯಾಂಶ: ಡ್ರೈಯರ್ ತಿರುಗದಿದ್ದರೆ ಮೋಟರ್ ಸುಟ್ಟಿದೆ ಎಂದರ್ಥವೇ?

"ವಾಷಿಂಗ್ ಮಷೀನ್ ಡ್ರೈಯರ್ ಗುಂಯ್ ಅಂತ ಸದ್ದು ಮಾಡಿ ತಿರುಗದಿದ್ದರೆ ಮೋಟರ್ ಸುಟ್ಟಿದೆ, ಕೂಡಲೇ ಹೊಸದು ಹಾಕಿಸಿ." ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ಪೂರ್ತಿ ನಿಜವಲ್ಲ. ಇಲ್ಲಿ ಹೇಳುತ್ತಿರುವುದು ಡ್ರೈಯರ್ ಡಬ್ಬಿ ಬೇರೆಯೇ ಇರುವ ಸೆಮಿ ಆಟೊಮ್ಯಾಟಿಕ್ ಮಷೀನ್ ಬಗ್ಗೆ.

ಕಲಬುರಗಿ ಬಿಸಿಲಿನಲ್ಲಿ ಡ್ರೈಯರ್ ಯಾರಿಗೂ ನೆನಪಾಗುವುದಿಲ್ಲ. ಮಳೆ ಹಿಡಿದಾಗಲೇ ಅದು ಬೇಕು, ಅಲ್ವಾ? ನಮ್ಮ ಪಕ್ಕದ ಮನೆ ಅಕ್ಕ ಕಳೆದ ಮಳೆಗಾಲದಲ್ಲಿ ಹೊಸ ಮೋಟರ್‌ಗೆ ದುಡ್ಡು ಹೊಂದಿಸುತ್ತಿದ್ದರು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಡ್ರಮ್ಮಿನ ಅಡಿಗೆ ಮಗುವಿನ ಕಾಲುಚೀಲ ಹಗ್ಗದಂತೆ ಸುತ್ತಿಕೊಂಡಿತ್ತು! ಅದನ್ನು ಎಳೆದು ತೆಗೆದ ಮೇಲೆ ಡ್ರಮ್ ಸರಾಗ ತಿರುಗಿತು.

ಸದ್ದು ಬರುತ್ತಿದೆ ಎಂದರೆ ಮೋಟರ್‌ಗೆ ಕರೆಂಟ್ ಹೋಗುತ್ತಿದೆ. ಬಟ್ಟೆ ಸಿಕ್ಕಿರಬಹುದು, ಮುಚ್ಚಳ ತೆರೆದಾಗ ಡ್ರಮ್ ನಿಲ್ಲಿಸುವ ಬ್ರೇಕ್ ಬಿಡದೇ ಇರಬಹುದು, ಕೆಪಾಸಿಟರ್ (ಮೋಟರ್ ತಿರುಗಲು ನೆರವಾಗುವ ಚಿಕ್ಕ ಭಾಗ) ಹೋಗಿರಬಹುದು. ಕೆಪಾಸಿಟರ್ ಬೆಲೆ ಮೋಟರ್‌ಗಿಂತ ಬಹಳ ಕಡಿಮೆ. ಆದರೆ ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರಬಹುದು, ದಯವಿಟ್ಟು ನೀವೇ ಮುಟ್ಟಬೇಡಿ. ಮುಚ್ಚಳ ತೆರೆದಾಗ ಡ್ರಮ್ ಬಿಗಿಯಾಗಿದ್ದರೆ ಸುಮ್ನೆ ಹೆದರಬೇಡಿ, ಅದು ಬ್ರೇಕ್ ಹಿಡಿದಿರುವುದು.

ಸದ್ದೇ ಇಲ್ಲವೇ? ಮೊದಲು ಪ್ಲಗ್ ನೋಡಿ, ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ. ಜಾಸ್ತಿ ನಡುಗಿದರೆ ಸಾಮಾನ್ಯವಾಗಿ ಬಟ್ಟೆ ಒಂದೇ ಕಡೆ ಸೇರಿರುತ್ತದೆ. ಸಮವಾಗಿ ಹರಡಿ, ಮೇಲೆ ಡ್ರೈಯರ್ ಜೊತೆ ಬರುವ ಪ್ಲಾಸ್ಟಿಕ್ ಬಿಲ್ಲೆ ಒತ್ತಿ ಇಡಿ. ಕಾಲುಚೀಲ ಮೇಲೆದ್ದು ಡ್ರಮ್ಮಿನ ಅಡಿಗೆ ಜಾರದಂತೆ ತಡೆಯುವುದೂ ಆ ಬಿಲ್ಲೆಯೇ.