ತೆನೋಚ್ತಿತ್ಲಾನ್ ಅಷ್ಟು ಸುಲಭಕ್ಕೆ ಬೀಳಲಿಲ್ಲ

ಕೆಲವೇ ನೂರು ಸ್ಪ್ಯಾನಿಷ್ ಸೈನಿಕರು ಈಗಿನ ಮೆಕ್ಸಿಕೋದಲ್ಲಿದ್ದ ಅಜ್ಟೆಕ್ ಜನರ ರಾಜಧಾನಿ ತೆನೋಚ್ತಿತ್ಲಾನನ್ನು ಗೆದ್ದರು ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದಿ ಬೇಸರವಾಯ್ತು. 1521ರ ಮುತ್ತಿಗೆಯಲ್ಲಿ ಸ್ಪ್ಯಾನಿಷ್ ದಂಡನಾಯಕ ಕೊರ್ಟೆಸ್ ಜೊತೆ ತ್ಲಾಸ್ಕಲಾ ಮತ್ತಿತರ ಊರುಗಳ ಸಾವಿರಾರು ಸ್ಥಳೀಯ ಯೋಧರಿದ್ದರು. ಅದಕ್ಕೂ ಮುಂಚೆ, 1520ರಲ್ಲೇ, ಸಿಡುಬು ಊರಿಗೆ ಊರನ್ನೇ ಮಲಗಿಸಿತ್ತು. ಅಜ್ಟೆಕ್ ದೊರೆ ಕ್ವಿತ್ಲಾವಾಕ್ ಕೂಡ ಅದರಲ್ಲೇ ತೀರಿಕೊಂಡ.

ಇನ್ನು ನೀರಿನ ಮಾತು. ಊರಿದ್ದದ್ದು ಟೆಸ್ಕೋಕೋ ಸರೋವರದ ನಡುವಿನ ದ್ವೀಪದಲ್ಲಿ. ಸುತ್ತ ನೀರೇ, ಆದರೆ ಟೆಸ್ಕೋಕೋ ನೀರು ಉಪ್ಪು. ಕುಡಿಯೋ ನೀರು ಚಪುಲ್ತೆಪೆಕ್ ಬುಗ್ಗೆಗಳಿಂದ ಕಾಲುವೆಯಲ್ಲೇ ಬರಬೇಕು. ಆ ಕಾಲುವೆಯಲ್ಲಿ ಅಕ್ಕಪಕ್ಕ ಎರಡು ನೀರಿನ ಸಾಲು: ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರು ಹರಿಯುತ್ತಿತ್ತು. ಎಷ್ಟು ಮುಂದಾಲೋಚನೆ ನೋಡಿ! ಮುತ್ತಿಗೆ ಶುರುವಾಗುತ್ತಿದ್ದಂತೆ ಸ್ಪ್ಯಾನಿಷರು ಒಡೆದದ್ದು ಇದನ್ನೇ. ಆಮೇಲೂ ಹಸಿವು, ಬಾಯಾರಿಕೆಯ ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲ ಜನ ಕಾದಾಡಿದರು. ಆಗಸ್ಟ್ 13ರಂದು ಅವರ ಕೊನೆಯ ದೊರೆ ಕ್ವಾವ್ತೆಮೋಕ್ ಸೆರೆಸಿಕ್ಕ.

1978ರಲ್ಲಿ, ಆ ಊರಿನ ಮೇಲೆಯೇ ಎದ್ದಿರುವ ಮೆಕ್ಸಿಕೋ ಸಿಟಿಯಲ್ಲಿ ಕರೆಂಟಿನ ಕೆಲಸದವರು ನೆಲ ಅಗೆಯುವಾಗ ಮೂರು ಮೀಟರಿಗೂ ಅಗಲದ, ಅಜ್ಟೆಕ್ ದೇವತೆ ಕೊಯೊಲ್ಶೌಕಿಯನ್ನು ಕೆತ್ತಿದ ಕಲ್ಲು ಸಿಕ್ಕಿತು. ಅಜ್ಟೆಕರ ಮಹಾದೇಗುಲ ಅಲ್ಲೇ ಮಣ್ಣಡಿ ಇತ್ತು. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ ಸಾರ್.