ತಾಲ್ಮುಡ್ ಬಾಯಿಪಾಠದ ಪುಸ್ತಕ ಅಲ್ಲ

ಯಹೂದಿಗಳ ಧರ್ಮಗ್ರಂಥದ ಓದು ಬರೀ ಬಾಯಿಪಾಠ, ವಿಜ್ಞಾನದ ಕುತೂಹಲವೇ ಬೇರೆ ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ತಾಲ್ಮುಡ್ ಅಂದರೆ ಯಹೂದಿ ಧರ್ಮದ ನಿಯಮಗಳನ್ನೂ ಅವುಗಳ ಮೇಲಿನ ಚರ್ಚೆಗಳನ್ನೂ ದಾಖಲಿಸಿದ ಹಳೆಯ ಗ್ರಂಥ. ತಾಲ್ಮುಡ್‌ನ ಒಂದು ಪುಟ ತೆಗೆದು ನೋಡಿ. ನಡುವೆ ಮೂಲ, ಒಂದು ಪಕ್ಕ 11ನೇ ಶತಮಾನದ ರಾಶಿ ಎಂಬ ಯಹೂದಿ ವಿದ್ವಾಂಸರ ವಿವರಣೆ, ಇನ್ನೊಂದು ಪಕ್ಕ ಅವರ ಮೊಮ್ಮಕ್ಕಳೂ ನಂತರದವರೂ ಅದನ್ನೇ ಪ್ರಶ್ನಿಸಿ ಬರೆದದ್ದು. ಸೋತ ವಾದವನ್ನೂ ಅಳಿಸಿಲ್ಲ. ಬಗೆಹರಿಯದ ಕಡೆ ‘ತೇಕು’ (ಹಾಗೇ ನಿಲ್ಲಲಿ) ಅಂತ ಬರೆದು ಪ್ರಶ್ನೆಯನ್ನು ಹಾಗೇ ಉಳಿಸಿದ್ದಾರೆ. ಲ್ಯಾಬ್‌ನಲ್ಲಿ ನಡೆಯುವುದೂ ಇದೇ ಅಲ್ವಾ?

ಯಹೂದಿ ಮನೆಯಲ್ಲಿ ಬೆಳೆದ ಐಸಿಡೋರ್ ರಾಬಿ 1944ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಶಾಲೆಯಿಂದ ಬಂದಾಗ ಅವರ ತಾಯಿ ‘ಏನು ಕಲಿತೆ’ ಅನ್ನುತ್ತಿರಲಿಲ್ಲವಂತೆ, ‘ಇವತ್ತು ಒಳ್ಳೇ ಪ್ರಶ್ನೆ ಕೇಳಿದ್ಯಾ’ ಅನ್ನುತ್ತಿದ್ದರಂತೆ. ಕಾಂತಕ್ಷೇತ್ರದಲ್ಲಿ ಪರಮಾಣುವಿನ ನ್ಯೂಕ್ಲಿಯಸ್ ಹೇಗೆ ವರ್ತಿಸುತ್ತದೆ ಎಂದು ಅಳೆಯಲು ರಾಬಿ ಕಂಡುಕೊಂಡ ದಾರಿಯೇ ಮುಂದೆ ಎಂಆರ್‌ಐಗೆ ಬುನಾದಿಯಾಯಿತು. ಅಂದರೆ ಆ ಮನೆಯ ಅಭ್ಯಾಸ ಇವತ್ತು ನಮ್ಮೂರಿನ ಆಸ್ಪತ್ರೆಯವರೆಗೂ ಬಂದಿದೆ.

ನಾನೂ ಮಗಳನ್ನು ಹಾಗೇ ಕೇಳುತ್ತೇನೆ. ನಿನ್ನೆ ಒಲೆ ಮುಂದೆ ನಿಂತು, ‘ಅಪ್ಪಾ, ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ?’ ಅಂದಳು. ಚಮಚದಿಂದ ಕೆನೆಯ ಪದರವನ್ನು ಸರಿಸಿ ತೋರಿಸಿದೆ. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹಬೆ ಬುಸ್ ಅಂತ ಹೊರಬಂತು.